ಅಗೆಯದ ಗಡ್ಡೆ

ಲಖನೌ
11 ಜೂನ್ 2007

ಪ್ರೀತಿಯ ಆರತಿ,

ಹತ್ತು ವರ್ಷದ ಮೇಲೆ ನನ್ನ ಕೈಬರಹ ಕಂಡು ಬೆಚ್ಚಬೇಡ. ನಾನೇ, ಅರಭಾವಿಯಲ್ಲಿ ತೋಟಗಾರಿಕೆ ಓದುವಾಗ ನಿನ್ನ ಮಗ್ಗುಲ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದ ಮಾಲಾ. ಮೊನ್ನೆ ಮೂಡಲಗಿಗೆ ಹೋದಾಗ ನಮ್ಮ ಅಣ್ಣ ಹೇಳಿದ, "ಆರತಿ ಹುಕ್ಕೇರ್ಯಾಗ ಅದಾಳ, ಬಟ್ಟಿ ಅಂಗಡಿ ಅಭಿನಂದನನ ಮನಿ." ಅಂಗಡಿಗೆ ಫೋನೂ ಮಾಡಿದೆ. ಯಾರೋ ಎತ್ತಿ "ಯಾರ್ರಿ, ಏನ್ ಕೆಲಸಿತ್ತು?" ಎಂದು ಕೇಳಿದ ಕೂಡಲೇ ನನಗೆ ಹೇಳಬೇಕಾದ್ದೆಲ್ಲ ಮರೆತುಹೋಯಿತು. ಅದಕ್ಕೇ ಪತ್ರ.

ನಾನಿಲ್ಲಿ ಒಂದು ಸಸ್ಯ ಸಂಶೋಧನಾ ಲ್ಯಾಬಿನಲ್ಲಿ ಗುತ್ತಿಗೆಯ ಮೇಲಿದ್ದೇನೆ. ಎಲೆ ಹಸಿರಾಗಿರುವುದು ಕ್ಲೋರೋಪ್ಲಾಸ್ಟ್ ಎಂಬ ಕಣಗಳಿಂದ ಎಂದು ನಾವಿಬ್ಬರೂ ಬಾಯಿಪಾಠ ಮಾಡಿದ್ದೆವಲ್ಲ, ಆ ಕಣಕ್ಕೆ ತನ್ನದೇ ಒಂದು ಡಿಎನ್‌ಎ ಇದೆ, ಬಳೆಯ ಹಾಗೆ ದುಂಡಗೆ. ಅದರಲ್ಲಿರುವುದು ನಾಲ್ಕೇ ಅಕ್ಷರ, ಆದರೆ ಸಾಲಾಗಿ ಬರೆದರೆ ಒಂದು ಲಕ್ಷ ಅರವತ್ತು ಸಾವಿರ. ಮೊದಲಿನಿಂದ ಕೊನೆಯವರೆಗೆ ಅದನ್ನು ಓದುವುದು ನನ್ನ ಕೆಲಸ. ಒಮ್ಮೆಗೆ ಏಳುನೂರು ಅಕ್ಷರ ಮಾತ್ರ ಓದಲು ಬರುತ್ತದೆ. ತುಂಡು ತುಂಡಾಗಿ ಓದಿ, ಕೌದಿ ಹೊಲಿದ ಹಾಗೆ ಅಂಚಿಗೆ ಅಂಚು ಕೂಡಿಸಬೇಕು.

ನಮ್ಮ ಹಿಡಕಲ್ ಡ್ಯಾಮಿನ ಹಿಂದಿನ ಗುಡ್ಡದ ಕೊಳ್ಳದಲ್ಲಿ ಒಂದು ಕಾಡುಶುಂಠಿ ನೋಡಿದ್ದೆವು, ನೆನಪಿದೆಯೇ? ಅದರ ಡಿಎನ್‌ಎಯನ್ನು ಇದುವರೆಗೆ ಯಾರೂ ಓದಿಲ್ಲ. ನಾನು ಓದಬೇಕೆಂದಿದ್ದೇನೆ. ಗಿಡ ತರುವವರು ಬೇಕು. ನಿನ್ನನ್ನು ಬಿಟ್ಟರೆ ಆ ಕೊಳ್ಳ ಗೊತ್ತಿರುವವರು ಯಾರಿದ್ದಾರೆ? ಗಿಡದ ಮೇಲೆ ಎರಡು ದಿನ ಬುಟ್ಟಿ ಕವುಚಿ ಕತ್ತಲು ಮಾಡು. ಬಿಸಿಲು ಕಂಡ ಎಲೆಯಲ್ಲಿ ಪಿಷ್ಟ ತುಂಬಿ ನನ್ನ ಕೆಲಸ ಕೆಡುತ್ತದೆ. ಆಮೇಲೆ ಎಲೆ ಕೊಯ್ದು, ನಾನು ಕಳಿಸುವ, ತೇವ ಹೀರುವ ನೀಲಿ ಹರಳಿನ ಚೀಲದಲ್ಲಿ ಹಾಕಿ ಅಂಚೆಗೆ ಕೊಡು. ದೀಪಾವಳಿ ಹೊತ್ತಿಗೆ ಗಿಡ ಒಣಗುತ್ತದೆ. ಆಗ ಅದೇ ಗಿಡದ ಗಡ್ಡೆ ಅಗೆದು ಕುಂಡದಲ್ಲಿ ಹಾಕಿಡು. ಮುಂದಿನ ಮಳೆಗಾಲಕ್ಕೆ ಅದೇ ಗಡ್ಡೆಯ ಎಲೆ ಮತ್ತೆ ಬೇಕಾಗುತ್ತದೆ. ಅಚ್ಚಾಗುವ ಪ್ರಬಂಧದಲ್ಲಿ ನಿನ್ನ ಹೆಸರು ನನ್ನ ಹೆಸರಿನ ಪಕ್ಕದಲ್ಲೇ ಬರುತ್ತದೆ. ಇದು ನನ್ನ ಮಾತು.

ಶುಂಠಿ ಎಂದ ಕೂಡಲೇ ಆ ಚಹಾ ನೆನಪಾಗಿ ನಗು ಬಂತು. ಹಸಿ ಶುಂಠಿ ಜಜ್ಜಿ ಹಾಕಿ, ನೀನು ಕುಡಿದ ಮೇಲೆ ಹೇಳಿದ್ದೆ. ನಿನ್ನ ಮುಖ ನೋಡಬೇಕಿತ್ತು! ಜೈನರ ಹುಡುಗಿ, ಈಗಲೂ ಗಡ್ಡೆ ತಿನ್ನುವುದಿಲ್ಲವೇ? ತಿನ್ನಬೇಡ ತಾಯಿ, ಅಗೆದುಕೊಟ್ಟರೆ ಸಾಕು.

ನಿನ್ನ
ಮಾಲಾ

ಹುಕ್ಕೇರಿ
2 ಜುಲೈ 2007

ಪ್ರೀತಿಯ ಮಾಲಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಒಂದು ಸಲ ನನಗೆ, ಒಂದು ಸಲ ಅತ್ತೆಗೆ, ಇನ್ನೊಂದು ಸಲ ಮತ್ತೆ ನನಗೆ. ನಮ್ಮ ಅತ್ತೆ ಜಿನ್ನವ್ವನವರಿಗೆ ಮರಾಠಿ ಓದು ಬರುತ್ತದೆ, ಕನ್ನಡ ಅಷ್ಟಾಗಿ ಬಾರದು. ಇಡೀ ದಿನ ಮನೆಯಲ್ಲಿರುವವರು ನಾವಿಬ್ಬರೇ. ಇವರು ಬೆಳಿಗ್ಗೆ ಅಂಗಡಿಗೆ ಹೋದರೆ ಊಟಕ್ಕೆ ಬರುತ್ತಾರೆ, ಮತ್ತೆ ಹೋಗುತ್ತಾರೆ. ಮಗ ತೇಜಸ ಸಾಂಗಲಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದಾನೆ, ನಾಲ್ಕನೇ ಇಯತ್ತೆ.

ಮೂರನೇ ವರ್ಷಕ್ಕೆ ಓದು ಬಿಟ್ಟು ಮದುವೆಯಾಗಿ ಬಂದವಳನ್ನು ಈ ಹತ್ತು ವರ್ಷದಲ್ಲಿ ಯಾರೂ ಒಂದು ಗಿಡದ ಹೆಸರು ಕೇಳಿಲ್ಲ. ಇವತ್ತು ಏನು ಅಡುಗೆ ಎಂದು ಕೇಳಿದ್ದಾರೆ. ನೀನು ಕೇಳಿದೆಯಲ್ಲ, ಅಷ್ಟೇ ಸಾಕಿತ್ತು, ಹೆಸರು ಹಾಕುತ್ತೇನೆ ಎಂದು ಆಸೆ ಬೇರೆ ಹುಟ್ಟಿಸಿದೆ. ಅತ್ತೆಗೆ ಹೇಳಿದೆ. "ಯಾವ ಪೇಪರದಾಗ ಬರತೈತೆವ್ವಾ ನಿನ್ನ ಹೆಸರು?" ಎಂದರು. ಬೇರೆ ದೇಶದ ಪೇಪರು ಎಂದೆ. ಮಧ್ಯಾಹ್ನ ಪಕ್ಕದ ಮನೆಯವರಿಗೆ ಆಗಲೇ ಸುದ್ದಿ ಮುಟ್ಟಿಸಿದ್ದರು.

ಹೋಗುತ್ತೇನೆ. ನಮ್ಮ ಹೊಲದಲ್ಲಿ ಕೆಲಸ ಮಾಡುವ ಮರೆವ್ವನ ತವರು ಹಿಡಕಲ್ ಕಡೆ. ಅವಳನ್ನು ಜೊತೆಗೆ ಕರೆದುಕೊಳ್ಳುತ್ತೇನೆ. ಗಡ್ಡೆಯನ್ನೂ ಅಗೆದಿಡುತ್ತೇನೆ. ತಿನ್ನುವುದಿಲ್ಲ, ಹೆದರಬೇಡ.

ಆರತಿ

ಹುಕ್ಕೇರಿ
24 ಜುಲೈ 2007

ಪ್ರೀತಿಯ ಮಾಲಾ,

ಈ ಪಾರ್ಸೆಲ್ಲಿನಲ್ಲಿ ಹನ್ನೊಂದು ಎಲೆ ಇವೆ. ಹದಿನಾರನೇ ತಾರೀಖಿಗೇ ಬುಟ್ಟಿ ಕವುಚಿ ಬಂದಿದ್ದೆವು. ಗಾಳಿಗೆ ಹಾರದಿರಲಿ ಎಂದು ಮರೆವ್ವ ಮೇಲೊಂದು ಕರಿ ಕಂಬಳಿ ಹೊದಿಸಿ ಸುತ್ತ ಕಲ್ಲಿಟ್ಟಳು. ಎರಡು ದಿನ ಬಿಟ್ಟು ಹೋದರೆ ಬುಟ್ಟಿಯ ಮುಂದೆ ಕುಂಕುಮ, ಎರಡು ಲಿಂಬೆಹಣ್ಣು, ಒಡೆದ ತೆಂಗಿನಕಾಯಿ. ಕುರಿ ಕಾಯುವವರು ದೂರ ನಿಂತು ನಮ್ಮನ್ನೇ ನೋಡುತ್ತಿದ್ದರು. "ಯಾರೋ ಮಾಟ ಮಾಡ್ಯಾರ, ಮುಟ್ಟಬ್ಯಾಡ್ರಿ!" ಎಂದು ಒಬ್ಬ ಕೂಗಿದ. ಮರೆವ್ವ ಸೊಂಟದ ಮೇಲೆ ಕೈಯಿಟ್ಟು, "ಮಾಡಿದವರು ನಾವ ಅದೇವಿ, ತಗಿಯಾಕ ಬಂದೇವಿ" ಎಂದದ್ದೇ ತಡ, ಅವರು ಕುರಿ ಹೊಡೆದುಕೊಂಡು ಹೋದರು. ತೆಂಗಿನಕಾಯಿ ಮರೆವ್ವನ ಮನೆಗೆ ಹೋಯಿತು.

ಅವತ್ತು ಎಲೆ ಕೊಯ್ಯದೆ ಬಂದದ್ದು ಪುಕ್ಕಲುತನದಿಂದಲ್ಲ. ನಾಲ್ಕು ಜನ ನೋಡುವಾಗ ಬೇಡವೆನಿಸಿತು. ಮತ್ತೆ ಬುಟ್ಟಿ ಮುಚ್ಚಿ, ಮರುವಾರ ಕೊಯ್ದೆ. ಅಷ್ಟಮಿ ಚತುರ್ದಶಿಗೆ ನಾನು ಹಸಿರು ಕೊಯ್ಯುವುದಿಲ್ಲ, ಅದನ್ನೂ ನೋಡಿಕೊಳ್ಳಬೇಕಿತ್ತು. ನಗಬೇಡ.

ಗಿಡದ ಕಾಂಡಕ್ಕೆ ಕೆಂಪು ದಾರ ಕಟ್ಟಿ, ಬುಡಕ್ಕೆ ಒಂದು ಬಿಳಿ ಕಲ್ಲಿಟ್ಟು ಬಂದಿದ್ದೇನೆ. ಗುಡ್ಡದಿಂದ ಇಳಿಯುವಾಗ ಹಾಡು ಹೇಳಬೇಕೆನಿಸಿತು ಮಾಲಾ. ಹೇಳಲಿಲ್ಲ, ಆದರೆ ಅನಿಸಿತು.

ಆರತಿ

ಲಖನೌ
6 ಆಗಸ್ಟ್ 2007

ಪ್ರೀತಿಯ ಆರತಿ,

ಎಲೆ ಬಂದವು. ಇಷ್ಟು ಚೆನ್ನಾಗಿ ಒಣಗಿದ ಎಲೆಯನ್ನು ಈ ಲ್ಯಾಬಿನಲ್ಲಿ ಯಾರೂ ಕಂಡಿಲ್ಲ. ಹಿರಿಯ ವಿಜ್ಞಾನಿಗಳಿಗೆ ತೋರಿಸಿ "ನನ್ನ ಗೆಳತಿ ಕಳಿಸಿದ್ದು" ಎಂದೆ. ಮಾಟದ ಕಥೆಯನ್ನು ಹಿಂದಿಯಲ್ಲಿ ಹೇಳಲು ಹೋದೆ, ಯಾರೂ ನಗಲಿಲ್ಲ. ಕೋಣೆಗೆ ಬಂದು ಒಬ್ಬಳೇ ನಕ್ಕೆ.

ಒಂದು ಸಂಗತಿ ನಿನಗೆ ಇಷ್ಟವಾದೀತು. ನಾನು ಓದುತ್ತಿರುವ ಈ ಡಿಎನ್‌ಎ ಶುಂಠಿಯಂಥ ಗಿಡಗಳಿಗೆ ತಾಯಿಯಿಂದ ಮಾತ್ರ ಬರುತ್ತದೆ. ತಂದೆಯ ಪಾಲು ಅದರಲ್ಲಿಲ್ಲ. ತಾಯಿ, ಅವಳ ತಾಯಿ, ಅವಳ ತಾಯಿ, ಹೀಗೇ ಹಿಂದಕ್ಕೆ.

ಗಡ್ಡೆಯ ಮಾತು ಮರೆಯಬೇಡ. ಆ ಕೊಳ್ಳದಲ್ಲಿ ಎಲೆ ನೋಡಿದರೆ ಒಂದೇ ಥರ ಕಾಣುವ ಬೇರೆ ಜಾತಿಯೂ ಇರಬಹುದು. ಬೇಸಿಗೆಯಲ್ಲಿ ನೆಲದ ಮೇಲೆ ಗಿಡದ ಗುರುತೇ ಉಳಿಯುವುದಿಲ್ಲ. ಗಡ್ಡೆ ನಮ್ಮ ಕೈಯಲ್ಲಿದ್ದರೆ ಮಾತ್ರ ಮುಂದಿನ ವರ್ಷದ ಎಲೆ ಅದೇ ಗಿಡದ್ದು ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಎರಡು ಗಿಡ ಬೆರೆತರೆ ಎಲ್ಲಾ ನೀರಿನಲ್ಲಿ ಹೋಮ.

ನಿನ್ನ
ಮಾಲಾ

ಲಖನೌ
29 ಅಕ್ಟೋಬರ್ 2007

ಪ್ರೀತಿಯ ಆರತಿ,

ಎರಡೂವರೆ ತಿಂಗಳಾಯಿತು, ಒಂದು ಸಾಲೂ ಇಲ್ಲ. ದೀಪಾವಳಿಯ ಗಡಿಬಿಡಿ ಇರಬೇಕು. ತುಂಬಿದ ಮನೆ, ಅತ್ತೆ, ಗಂಡ, ಮಗ ರಜೆಗೆ ಬಂದಿರುತ್ತಾನೆ. ನಿನಗೆ ಎಲ್ಲಿಯ ಪುರುಸೊತ್ತು? ನಾನು ದಿನಾ ಲ್ಯಾಬಿನಿಂದ ಬಂದು ಕೆಳಗಿನ ಅಂಚೆ ಡಬ್ಬಿಯಲ್ಲಿ ಕೈಹಾಕಿ ನೋಡುತ್ತೇನೆ. ಮನೆಯೊಡತಿ ಮರುಕದಿಂದ ನೋಡುತ್ತಾಳೆ, ಯಾರೋ ಹುಡುಗ ಕೈಕೊಟ್ಟಿದ್ದಾನೆ ಎಂದುಕೊಂಡಿದ್ದಾಳೆ.

ಮೊದಲ ನಲವತ್ತು ಸಾವಿರ ಅಕ್ಷರ ಓದಿಯಾಯಿತು. ಗಿಡ ಒಣಗಿದೆಯೇ? ಅಗೆದೆಯಾ? ಇಷ್ಟೇ ಬರೆ, ಸಾಕು.

ಮಾಲಾ

ಹುಕ್ಕೇರಿ
18 ನವೆಂಬರ್ 2007

ಮಾಲಾ,

ಅತ್ತೆ ಹೋದರು. ಸೆಪ್ಟೆಂಬರ್ ನಾಲ್ಕರಂದು.

ಆಗಸ್ಟಿನಲ್ಲಿ ಹಾಸಿಗೆ ಹಿಡಿದು, ಡಾಕ್ಟರು ಕೈಚೆಲ್ಲಿದ ಮೇಲೆ ಅವರೇ ಸಲ್ಲೇಖನ ತೆಗೆದುಕೊಂಡರು. ಒಂದೊಂದಾಗಿ ಊಟ ಬಿಟ್ಟರು, ಹಾಲು ಬಿಟ್ಟರು, ಕೊನೆಗೆ ನೀರು. ಚಾತುರ್ಮಾಸಕ್ಕೆ ಬಂದಿದ್ದ ಮುನಿಗಳು ದಿನಾ ಬಂದು ಕೂಡುತ್ತಿದ್ದರು. ಒಂದು ಸಂಜೆ ಅತ್ತೆ ಎಲ್ಲರನ್ನೂ ಕರೆದು, "ನನಗ ಕಳಸಾಕ ಬಂದೀರಿ, ಒಬ್ಬೊಬ್ರೂ ಏನಾರ ಒಂದ ಬಿಟ್ಟ ಕೊಡ್ರಿ" ಎಂದರು. ನಮ್ಮಲ್ಲಿ ಹಾಗೆ ಕೇಳುವುದುಂಟು. ಇವರು ಎಲೆಅಡಿಕೆ ಬಿಟ್ಟರು. ತೇಜಸ ಒಂದು ವರ್ಷ ಪೇಢೆ ತಿನ್ನುವುದಿಲ್ಲ ಎಂದ. ನನ್ನ ಸರದಿ ಬಂದಾಗ ಅವರೇ ಕೈ ಹಿಡಿದರು. "ಗೆಳತಿಗೆ ಎಲಿ ಕಳಸವ್ವ, ನಾ ಬ್ಯಾಡ ಅನ್ನೂದಿಲ್ಲ. ಗಡ್ಡಿ ಮಾತ್ರ ಕೀಳಬ್ಯಾಡ. ಒಂದ ಗಡ್ಡಿಯೊಳಗ ಎಷ್ಟ ಜೀವ ಇರ್ತಾವು, ನೀ ಓದಿದಾಕಿ, ನಿನಗ ಗೊತ್ತಿರತೈತಿ." ಮುನಿಗಳ ಎದುರಿಗೆ ನಿಯಮ ತೆಗೆದುಕೊಂಡೆ. ಕೀಳುವುದಿಲ್ಲ, ಕೀಳಿಸುವುದಿಲ್ಲ, ಕಿತ್ತವರಿಗೆ ಹೌದು ಎನ್ನುವುದಿಲ್ಲ.

ತಾಯಿಯಿಂದ ಮಾತ್ರ ಬರುತ್ತದೆ ಎಂದು ನೀನು ಬರೆದಿದ್ದೆ. ಅತ್ತೆಯಿಂದ ಬರುವುದಕ್ಕೆ ನಿಮ್ಮ ಲ್ಯಾಬಿನಲ್ಲಿ ಏನೆನ್ನುತ್ತಾರೆ? ಈ ಮನೆಯಲ್ಲಿ ನನ್ನ ಜೊತೆ ಮಾತಾಡುತ್ತಿದ್ದವರು ಅವರೊಬ್ಬರೇ. ಈಗ ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ನನ್ನ ಬಾಯಿ ತೆರೆಯುವುದೇ ಇಲ್ಲ.

ಗಡ್ಡೆ ಅಗೆದಿಲ್ಲ. ಅಗೆಯಲಾರೆ. ಇದನ್ನು ನಿನಗೆ ಹೇಳಿದರೆ ನೀನು ನಗುತ್ತೀ. ಅವತ್ತು ಚಹಾ ಕುಡಿಸಿ ನಕ್ಕೆಯಲ್ಲ, ನಾನೂ ನಕ್ಕಂತೆ ಮಾಡಿ, ಬಚ್ಚಲಿಗೆ ಹೋಗಿ ಗಂಟಲಿಗೆ ಬೆರಳು ಹಾಕಿಕೊಂಡಿದ್ದೆ. ಮರುದಿನ ಉಪವಾಸ ಮಾಡಿದ್ದು ಹೊಟ್ಟೆನೋವಿಗಲ್ಲ. ನನ್ನ ಮೇಲೆ ನಕ್ಕರೆ ಸಹಿಸಿಕೊಳ್ಳುತ್ತೇನೆ. ಈ ವಿಷಯಕ್ಕೆ ನಕ್ಕರೆ ಅತ್ತೆಯ ಸಾವಿಗೇ ನಕ್ಕ ಹಾಗಾಗುತ್ತದೆ, ಆಮೇಲೆ ನಿನ್ನ ಮುಖ ನೋಡಲಾರೆ.

ನಗದಿದ್ದರೆ ಇನ್ನೊಂದು ಭಯ. ನೀನು ಅಗೆಯುವವರು ಯಾರನ್ನೋ ಹುಡುಕಿಕೊಳ್ಳುತ್ತೀ. ನಿನ್ನ ಪತ್ರ ನಿಲ್ಲುತ್ತವೆ. ನನ್ನ ಹೆಸರೂ ಹೋಗುತ್ತದೆ.

ಇದನ್ನು ಕಳಿಸುವುದಿಲ್ಲ. ನಾಳೆ ಬೇರೆ ಬರೆಯುತ್ತೇನೆ.

ಹುಕ್ಕೇರಿ
19 ನವೆಂಬರ್ 2007

ಪ್ರೀತಿಯ ಮಾಲಾ,

ಸೆಪ್ಟೆಂಬರಿನಲ್ಲಿ ಅತ್ತೆ ತೀರಿಕೊಂಡರು. ಅದಕ್ಕೇ ಪತ್ರ ತಡವಾಯಿತು, ತಪ್ಪು ತಿಳಿಯಬೇಡ. ಗಡ್ಡೆ ಅಗೆದು ಕುಂಡದಲ್ಲಿ ಹಾಕಿದ್ದೇನೆ. ಹಿತ್ತಿಲ ಕಟ್ಟೆಯ ಮೇಲಿದೆ. ದಿನಾ ನೀರು ಹಾಕುತ್ತೇನೆ.

ಆರತಿ

ಲಖನೌ
8 ಜನವರಿ 2008

ಪ್ರೀತಿಯ ಆರತಿ,

ನಿನ್ನ ಅತ್ತೆಯವರ ಸುದ್ದಿ ಓದಿ ಬೇಜಾರಾಯಿತು. ನೀನು ಐದೇ ಸಾಲಿನಲ್ಲಿ ಬರೆದಿದ್ದೀ, ಹೆಚ್ಚು ಕೇಳಬಾರದೇನೋ ಎಂದು ಸುಮ್ಮನಿದ್ದೆ. ವಯಸ್ಸಾದವರು, ನೀನು ಸೇವೆ ಮಾಡಿದ್ದೀ, ಈಗ ಸ್ವಲ್ಪ ಬಿಡುವಾದರೂ ಸಿಕ್ಕೀತು.

ಕುಂಡಕ್ಕೆ ದಿನಾ ನೀರು ಹಾಕಬೇಡ ಹುಚ್ಚಿ! ಮಲಗಿದ ಗಡ್ಡೆ ಕೊಳೆತುಹೋಗುತ್ತದೆ. ಮೂರನೇ ವರ್ಷದಲ್ಲಿ ಇದೇ ಪಾಠ ಇತ್ತು, ನೀನು ಆಗಲೇ ಮದುವೆ ಸೀರೆ ಆರಿಸಲು ಹೋಗಿದ್ದೆ. ಮೇ ತನಕ ಹಾಗೇ ಬಿಡು.

ಇಲ್ಲಿ ಮಂಜು ಬಿದ್ದು ಹತ್ತು ದಿನ ಸೂರ್ಯ ಕಂಡಿಲ್ಲ. ಹೊಸ ವರ್ಷದ ದಿನ ಎಲ್ಲರೂ ಮನೆಗೆ ಹೋಗಿದ್ದರು. ನಾನು ಮತ್ತು ಯಂತ್ರ ಇಬ್ಬರೇ. ಯಂತ್ರ ಒಂದು ಸದ್ದು ಮಾಡುತ್ತದೆ, ಕೆಲಸ ಮುಗಿದಾಗ. ಅದಕ್ಕೆ "ಹೂಂ, ಬಂದೆ" ಎಂದು ಕನ್ನಡದಲ್ಲಿ ಉತ್ತರ ಕೊಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ನಿನ್ನ ಎಲೆ ಅರ್ಧ ಮುಗಿದಿದೆ. ನಮ್ಮ ಪ್ರಬಂಧದ ಮೇಲೆ ಎರಡು ಹೆಸರು ಬರೆದು ಗೋಡೆಗೆ ಅಂಟಿಸಿದ್ದೇನೆ.

ನಿನ್ನ
ಮಾಲಾ

ಹುಕ್ಕೇರಿ
21 ಜುಲೈ 2008

ಪ್ರೀತಿಯ ಮಾಲಾ,

ಎಲೆ ಕಳಿಸಿದ್ದೇನೆ, ಹದಿನಾಲ್ಕು. ಎರಡು ದಿನ ಕತ್ತಲಲ್ಲಿಟ್ಟೆ. ಇಲ್ಲಿ ಎಲ್ಲರೂ ಆರಾಮ.

ಒಂದು ಕೇಳಬೇಕಿತ್ತು. ಪ್ರಬಂಧದಲ್ಲಿ ನನ್ನ ಹೆಸರಿನ ಮುಂದೆ ತಂದೆಯ ಹೆಸರು ಹಾಕುತ್ತಾರೋ, ಗಂಡನದೋ? ಬರೀ ಆರತಿ ಎಂದು ಹಾಕಲು ಬರುತ್ತದೆಯೇ? ತೇಜಸ ತನ್ನ ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾನೆ.

ಆರತಿ

ಲಖನೌ
3 ಸೆಪ್ಟೆಂಬರ್ 2008

ಪ್ರೀತಿಯ ಆರತಿ,

ಎಲೆ ತಲುಪಿವೆ. ಕಳೆದ ತಿಂಗಳೆಲ್ಲ ಗುತ್ತಿಗೆ ನವೀಕರಣದ ಓಡಾಟ, ತಲೆ ಎತ್ತಲು ಆಗಿಲ್ಲ. ಹೆಸರಿನ ಮಾತು ಕೊನೆಗೆ, ಎಲ್ಲಾ ಕೂಡಿಸಿದ ಮೇಲೆ. ಆ ಚಿಂತೆ ನನಗೆ ಬಿಡು.

ಮಾಲಾ

ಲಖನೌ
16 ಫೆಬ್ರವರಿ 2009

ಆರತಿ,

ಇದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ.

ಮೊದಲ ವರ್ಷದ ಎಲೆಯಿಂದ ಒಂದು ಲಕ್ಷ ಒಂಬತ್ತು ಸಾವಿರ ಅಕ್ಷರ ಓದಿದ್ದೆ. ಉಳಿದದ್ದನ್ನು ಎರಡನೇ ವರ್ಷದ ಎಲೆಯಿಂದ ಓದಿದೆ. ಎರಡೂ ಸೇರುವ ಅಂಚನ್ನು ಎರಡೂ ಎಲೆಯಿಂದ ಓದಿ ತಾಳೆ ನೋಡುವುದು ಪದ್ಧತಿ. ಒಂದೇ ಗಿಡವಾದರೆ ಒಂದಕ್ಷರವೂ ತಪ್ಪುವಂತಿಲ್ಲ. ಏಳುನೂರು ಅಕ್ಷರದಲ್ಲಿ ಹತ್ತೊಂಬತ್ತು ಕಡೆ ಬೇರೆ ಬಂದಿದೆ. ಇದು ಬೇರೆ ಜಾತಿಯ ಗಿಡವೇ ಆಗಬೇಕು.

ಮುಖ್ಯಸ್ಥರು "ಎಲೆ ಕಳಿಸಿದವರನ್ನು ಕೇಳು" ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಅವಳು ಇರುವೆ ದಾಟಿ ನಡೆಯುವವಳು, ಸುಳ್ಳು ಹೇಳುವವಳಲ್ಲ. ಗಡ್ಡೆ ಅವಳ ಕುಂಡದಲ್ಲಿದೆ" ಎಂದು ಎಲ್ಲರ ಮುಂದೆ ಹೇಳಿದೆ. ಹಾಗಾದರೆ ತಪ್ಪು ನನ್ನ ಕೈಯದ್ದೇ. ನಾಲ್ಕು ತಿಂಗಳ ಕೆಲಸವನ್ನೆಲ್ಲ ಚೆಲ್ಲಿ ಮೊದಲಿಂದ ಶುರು ಮಾಡಿದೆ. ಮತ್ತೆ ಅದೇ ಹತ್ತೊಂಬತ್ತು. ಈಗ ಪ್ರತಿ ನಳಿಕೆಯ ಚೀಟಿಯನ್ನೂ ಮೂರು ಸಲ ಓದುತ್ತೇನೆ. ಮೂವತ್ತಮೂರಕ್ಕೇ ನಾನು ಕೆಲಸಕ್ಕೆ ಬಾರದವಳಾದೆನೇ ಎಂದು ದಿನಾ ಕೇಳಿಕೊಳ್ಳುತ್ತೇನೆ. ಈ ಊರಿನಲ್ಲಿ ನನಗೆ ಬೇರೆ ಏನೂ ಇಲ್ಲ ಆರತಿ. ಇದೊಂದೇ.

ಮೇ ಮೂವತ್ತೊಂದಕ್ಕೆ ಪ್ರಾಜೆಕ್ಟ್ ಮುಗಿಯುತ್ತದೆ. ಗಡ್ಡೆಯಿಂದಲೇ ಡಿಎನ್‌ಎ ತೆಗೆದು ಒಂದು ವಾರದಲ್ಲಿ ಸತ್ಯ ತಿಳಿಯಬಹುದು. ಕುಂಡದಿಂದ ಗಡ್ಡೆ ತೆಗೆದು ಪಾರ್ಸೆಲ್ ಮಾಡು. ನನ್ನನ್ನು ಉಳಿಸುವುದು ಅದೊಂದೇ.

ಮಾಲಾ

ಹುಕ್ಕೇರಿ
29 ಮಾರ್ಚ್ 2009

ಮಾಲಾ,

ನಿನ್ನ ಕೈ ತಪ್ಪಿಲ್ಲ. ಇದನ್ನು ಮೊದಲು ಓದು, ಉಳಿದದ್ದನ್ನು ಆಮೇಲೆ ಓದು.

ಕುಂಡದಲ್ಲಿ ಮಣ್ಣು ಮಾತ್ರ ಇದೆ. ಒಂದೂವರೆ ವರ್ಷದ ಹಿಂದೆ ಬರೆದು ಕಳಿಸದ ಪತ್ರವೊಂದನ್ನು ಇದರ ಜೊತೆ ಇಟ್ಟಿದ್ದೇನೆ. ಯಾಕೆ ಅಗೆಯಲಿಲ್ಲ ಎಂಬುದು ಅದರಲ್ಲಿದೆ.

ಕಳೆದ ವರ್ಷ ಮಳೆ ಬಿದ್ದ ಮೇಲೆ ಹೋದಾಗ ದಾರ ಕಟ್ಟಿದ್ದ ಕಾಂಡ ಕೊಳೆತುಹೋಗಿತ್ತು. ಬಿಳಿ ಕಲ್ಲನ್ನು ಯಾರೋ ಒಲೆಗೆ ಒಯ್ದಿದ್ದರು. ಮೂರು ಮಾರು ಜಾಗದಲ್ಲಿ ಒಂದೇ ಥರದ ಎಲೆಯ ಹತ್ತಾರು ಗಿಡ ಎದ್ದಿದ್ದವು. ಇದೇ ಇರಬೇಕು ಎಂದುಕೊಂಡು ಒಂದಕ್ಕೆ ಬುಟ್ಟಿ ಕವುಚಿದೆ. ಕವುಚುವಾಗಲೇ ನನಗೆ ಖಾತ್ರಿ ಇರಲಿಲ್ಲ.

ನಿನ್ನ ಪತ್ರ ಬಂದ ಮೇಲೆ ಮರೆವ್ವನನ್ನು ಕರೆದುಕೊಂಡು ಹೋದೆ. ಗುದ್ದಲಿ ನಾನೇ ಹೊತ್ತೆ. ನಿಯಮ ಮುರಿಯುವುದೆಂದು ಮನೆಯಿಂದ ಹೊರಡುವಾಗಲೇ ನಿರ್ಧರಿಸಿದ್ದೆ. ಕೊಳ್ಳದಲ್ಲಿ ಒಣ ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಗುದ್ದಲಿ ಎತ್ತಿದೆ, ಕೈ ಕೆಳಗಿಳಿಯಲಿಲ್ಲ. ಗುದ್ದಲಿ ಹಿಡಿದುಕೊಂಡೇ ಅಲ್ಲಿ ಕುಳಿತೆ.

ಮರೆವ್ವ ಗುದ್ದಲಿ ಕಸಿದುಕೊಂಡಳು. "ಅಕ್ಕಾರ, ನೀವು ಆ ಕಡೆ ಮಾರಿ ಮಾಡಿ ಕುಂದರ್ರಿ. ನಾ ಅಗದ ತರತೇನಿ. ನಿಮಗ ಪಾಪ ಹತ್ತೂದಿಲ್ಲ."

"ನಾ ಹೇಳಿ ಮಾಡಿಸಿದ್ರ ಹತ್ತತೈತಿ ಮರೆವ್ವ."

"ನೀವ ಎಲ್ಲಿ ಹೇಳೀರಿ? ನಾನ ಅನ್ನಾಕತ್ತೇನಿ."

"ನೋಡ್ಕೋತ ಸುಮ್ನ ಕುಂತ್ರೂ ಹತ್ತತೈತಿ."

ಅವಳು ಗುದ್ದಲಿ ಕೆಳಗಿಟ್ಟು ನನ್ನ ಪಕ್ಕ ಕುಳಿತಳು. "ಹಂಗಾರ ನಿಮ್ಮ ಗೆಳತಿಗೆ ಏನ ಹೇಳ್ತೀರಿ?" ಎಂದಳು. ಅದಕ್ಕೇ ಈ ಪತ್ರ.

ಎಲ್ಲರ ಮುಂದೆ ನನ್ನ ಪರವಾಗಿ ನಿಂತೆ ಎಂದು ಬರೆದಿದ್ದೀ. ಅದನ್ನು ಓದಿ ನನಗೆ ಆದದ್ದನ್ನು ಬರೆಯಲು ಬರುವುದಿಲ್ಲ. ಅತ್ತೆಗೆ ಕೊಟ್ಟ ಮಾತು ಉಳಿಸಿಕೊಂಡೆ, ನಿನಗೆ ಕೊಟ್ಟದ್ದನ್ನು ನುಂಗಿದೆ. ಬೈದು ಒಂದು ಕಾಗದ ಬರೆ.

ಆರತಿ

ಲಖನೌ
14 ಏಪ್ರಿಲ್ 2009

ಆರತಿ,

ಪತ್ರ ಬಂತು. ಎರಡೂ ಓದಿದೆ. ಮುಖ್ಯಸ್ಥರಿಗೆ ಹೇಳಿದ್ದೇನೆ. ಇನ್ನು ಎಲೆ ಬೇಕಾಗಿಲ್ಲ.

ಮಾಲಾ

ಹುಕ್ಕೇರಿ
30 ಆಗಸ್ಟ್ 2009

ಪ್ರೀತಿಯ ಮಾಲಾ,

ನೀನು ಓದುತ್ತೀಯೋ ಇಲ್ಲವೋ, ಬರೆಯುತ್ತೇನೆ.

ಜೂನಿನಿಂದ ವಾರಕ್ಕೆರಡು ಸಲ ಕೊಳ್ಳಕ್ಕೆ ಹೋದೆ. ಮನೆಯವರು ಮೊದಲು "ಏನ್ ಹುಚ್ಚ ಹಿಡದೈತಿ?" ಎಂದರು, ಆಮೇಲೆ ಕೇಳುವುದನ್ನು ಬಿಟ್ಟರು. ಈ ಸಲ ಎಲೆ ಮುಟ್ಟಲಿಲ್ಲ. ಪ್ರತಿ ಗಿಡದ ಬಳಿ ಕೋಲು ನೆಟ್ಟು, ಅದಕ್ಕೆ ತಗಡಿನ ಚೀಟಿ ಕಟ್ಟಿ, ಹೂ ಬರುವ ತನಕ ಕಾದೆ. ಆಗಸ್ಟಿನಲ್ಲಿ ಬುಡದಿಂದ ಹೂ ಎದ್ದವು. ಎರಡು ಥರ. ಒಂದು ಹಳದಿ, ತುಟಿಯಲ್ಲಿ ಕೆಂಪು ಗೆರೆ. ಇನ್ನೊಂದು ಪೂರ್ತಿ ಬಿಳಿ. ಮೊದಲ ವರ್ಷ ನಾವು ಬುಟ್ಟಿ ಇಟ್ಟದ್ದು ಅಲ್ಲಿಯ ದೊಡ್ಡ ಬಂಡೆಯ ಎಡಕ್ಕೆ ಎಂದು ಮರೆವ್ವ ನೆನಪಿಸಿದಳು, ಆ ಕಡೆ ಇರುವುದೆಲ್ಲ ಹಳದಿ. ಎರಡನೇ ವರ್ಷ ನಾನು ಇಟ್ಟದ್ದು ಬಲಕ್ಕೆ, ಅಲ್ಲಿ ಬರೀ ಬಿಳಿ. ಅಗೆಯದೆ ತಿಳಿಯುವ ದಾರಿ ಒಂದಿತ್ತು, ಬಹಳ ನಿಧಾನದ್ದು. ಮೊದಲೇ ನಿಜ ಹೇಳಿದ್ದರೆ ಆ ದಾರಿಯನ್ನು ನೀನೇ ತೋರಿಸುತ್ತಿದ್ದೆಯೇನೋ.

ಅರವತ್ತೆರಡು ಗಿಡದ ಚಿತ್ರ ಬರೆದು ಜಾಗ ಗುರುತು ಮಾಡಿದ್ದೇನೆ, ನಕಲು ಕಳಿಸುತ್ತಿದ್ದೇನೆ. ಹಳದಿ ಗಿಡದ ಎಲೆ ಬೇಕಾದರೆ ಒಂದು ಸಾಲು ಬರೆ. ಲಖನೌದಷ್ಟು ದೂರದಿಂದ ನಿನ್ನ ಸಿಟ್ಟು ಎಷ್ಟು ಉಳಿದಿದೆ ಎಂದು ನನಗೆ ಗೊತ್ತಾಗುವುದಿಲ್ಲ.

ಆರತಿ

ಮೂಡಲಗಿ
22 ನವೆಂಬರ್ 2009

ಪ್ರೀತಿಯ ಆರತಿ,

ಊರಿನ ಹೆಸರು ತಪ್ಪಾಗಿ ಬರೆದಿಲ್ಲ. ಜೂನಿನಿಂದ ಮೂಡಲಗಿಯಲ್ಲೇ ಇದ್ದೇನೆ, ಅಣ್ಣನ ಮನೆಯ ಮಾಳಿಗೆಯಲ್ಲಿ. ಪ್ರಾಜೆಕ್ಟ್ ಮುಗಿಯಿತು, ಗುತ್ತಿಗೆಯೂ ಮುಗಿಯಿತು. ನೋಟುಬುಕ್ಕು ಲ್ಯಾಬಿನ ಕಪಾಟಿನಲ್ಲಿ ಬಿಟ್ಟು ಬಂದೆ. ವಾರಕ್ಕೆ ನಾಲ್ಕು ದಿನ ಗೋಕಾಕದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ನಿನ್ನ ಆಗಸ್ಟಿನ ಪತ್ರ ಲಖನೌಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದು, ಕಳೆದ ತಿಂಗಳು ಸಿಕ್ಕಿತು. ಅರವತ್ತೆರಡು ಚಿತ್ರವನ್ನೂ ನೋಡಿದೆ. ಅಂಥ ಕೆಲಸವನ್ನು ನಾನು ಲಖನೌದಲ್ಲಿ ಯಾರ ಕೈಯಿಂದಲೂ ಕಂಡಿಲ್ಲ. ಈಗ ಅದನ್ನು ಕೊಡಲು ನನ್ನ ಬಳಿ ಲ್ಯಾಬಿಲ್ಲ.

ಸಿಟ್ಟು ಬಂದಿತ್ತು. ನಿನ್ನ ಕಾಗದ ಹರಿದುಹಾಕಬೇಕೆನ್ನುವಷ್ಟು. ಆಮೇಲೆ ಬಚ್ಚಲಲ್ಲಿ ಗಂಟಲಿಗೆ ಬೆರಳು ಹಾಕಿಕೊಂಡವಳ ಚಿತ್ರ ಕಣ್ಣಿಗೆ ಕಟ್ಟಿತು. ಅದು ಇಷ್ಟು ವರ್ಷ ನನ್ನ ನಗೆಯ ಕಥೆಯಾಗಿತ್ತು, ನೂರು ಜನಕ್ಕೆ ಹೇಳಿದ್ದೇನೆ. ನೀನು ನನಗೆ ನಿಜ ಹೇಳಲಾಗದ ಹಾಗೆ ಮಾಡಿದ್ದು ನಾನೇ.

ಇನ್ನೊಂದು ಇದೆ. ನೀನು ನಿಜ ಬರೆದ ಮೇಲೂ ನಾನು ಇದನ್ನು ಬರೆಯದೆ ಏಳು ತಿಂಗಳು ಕಳೆದೆ. ನಿನ್ನ ಹೆಸರು ಪ್ರಬಂಧದಲ್ಲಿ ಇರುತ್ತಿರಲಿಲ್ಲ. 2008ರ ಆಗಸ್ಟಿನಲ್ಲೇ ಮುಖ್ಯಸ್ಥರು ಅದನ್ನು ಹೊಡೆದು ಹಾಕಿದ್ದರು. "ಎಲೆ ಕೊಯ್ದು ಕಳಿಸಿದವರಿಗೆಲ್ಲ ಹೆಸರು ಕೊಡಲಾಗುವುದಿಲ್ಲ, ಕೊನೆಯಲ್ಲೊಂದು ಕೃತಜ್ಞತೆ ಸಾಕು" ಎಂದರು. ನಾನು ಆಗಲಿ ಸರ್ ಎಂದೆ. ಅದೇ ತಿಂಗಳು ನನ್ನ ಗುತ್ತಿಗೆಯ ಕಾಗದಕ್ಕೆ ಅವರ ಸಹಿ ಬೇಕಿತ್ತು. ಬರೀ ಆರತಿ ಎಂದು ಹಾಕಲು ಬರುತ್ತದೆಯೇ ಎಂದು ನೀನು ಕೇಳಿದ್ದಕ್ಕೆ ನಾನು ಉತ್ತರ ಬರೆಯುವಾಗ ಆ ಹೆಸರು ಆಗಲೇ ಹೋಗಿತ್ತು. ಆದರೂ ಚಿಂತೆ ನನಗೆ ಬಿಡು ಎಂದು ಬರೆದೆ.

ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ದಿನಾ ಹುಕ್ಕೇರಿಯ ಬೋರ್ಡು ನೋಡುತ್ತೇನೆ. ಒಮ್ಮೆ ಹತ್ತಿದೆ. ಘಟಪ್ರಭಾದ ತನಕ ಬಂದು, ಇಳಿದು, ವಾಪಸ್ಸು ಹೋದೆ. ಏನು ಮುಖ ಇಟ್ಟುಕೊಂಡು ಬರಲಿ?

ಮಾಲಾ

ಹುಕ್ಕೇರಿ
27 ನವೆಂಬರ್ 2009

ಮಾಲಾ,

ಹೆಸರು ದೊಡ್ಡದಲ್ಲ, ಗೆಳೆತನ ದೊಡ್ಡದು ಎಂದು ಬರೆಯಲು ಕುಳಿತೆ. ಪೆನ್ನು ಓಡಲಿಲ್ಲ. ಸುಳ್ಳು ಬರೆದದ್ದು ಒಂದು ಸಲ ಸಾಕು. ಹೆಸರು ನನಗೆ ಬೇಕಿತ್ತು. ಬಹಳ ಬೇಕಿತ್ತು. ಅತ್ತೆಗೆ ಹೇಳಿದ್ದೆ, ಮಗನಿಗೆ ಹೇಳಿದ್ದೆ. ಅವನು ದೀಪಾವಳಿಗೆ ಬಂದಾಗಲೂ "ಆಯಿ, ಯಾವಾಗ ಬರತೈತಿ?" ಎಂದು ಕೇಳಿದ. ಅದು ಹೋದದ್ದು ನನ್ನ ಸುಳ್ಳಿನಿಂದ ಎಂದುಕೊಂಡು ಎಂಟು ತಿಂಗಳು ನನ್ನನ್ನೇ ಶಪಿಸಿಕೊಂಡೆ. ಅದಕ್ಕಿಂತ ಮೊದಲೇ ಹೋಗಿತ್ತು ಎಂದು ಈಗ ಹೇಳುತ್ತೀ.

ನಿನ್ನ ಪತ್ರ ಓದಿ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಮನೆಯಲ್ಲಿ ಯಾರಿಗೂ ಅದು ಗೊತ್ತಾಗಲಿಲ್ಲ.

ಇಷ್ಟು ಹತ್ತಿರ ಇದ್ದು ಬರಲಿಲ್ಲವಲ್ಲ, ಅದು ಹೆಸರಿಗಿಂತ ಹೆಚ್ಚು ಚುಚ್ಚಿತು. ಡಿಸೆಂಬರ್ ಆರು ಭಾನುವಾರ. ಬಾ. ನಾನು ನಗುನಗುತ್ತಾ ಬಾಗಿಲು ತೆಗೆಯುತ್ತೇನೆ ಎಂದುಕೊಳ್ಳಬೇಡ. ಸಿಟ್ಟಿನಲ್ಲೇ ಇರುತ್ತೇನೆ. ಬೈಯುತ್ತೇನೆ, ನೀನೂ ಬೈ. ಅತ್ತೆ ಹೋದ ಮೇಲೆ ನನ್ನನ್ನು ಎದುರಿಗೆ ಕೂಡ್ರಿಸಿಕೊಂಡು ಬೈದವರೂ ಇಲ್ಲ.

ಈ ಸಲ ಘಟಪ್ರಭಾದಲ್ಲಿ ಇಳಿಯಬೇಡ.

ಆರತಿ